ಎಡಗಡೆಯ ಐವತ್ತು ಸಾಲು

ಎರಡು ತಗ್ಗು ದಿಬ್ಬಗಳು, ನಡುವೆ ಒಂದು ಬಯಲು. ಉತ್ತರದ ದಿಬ್ಬದ ಮೇಲೆ ಥೀಬ್ಸ್ ನಗರದ ಸೈನ್ಯ ಬೀಡುಬಿಟ್ಟಿದೆ. ದಕ್ಷಿಣದ ದಿಬ್ಬದ ಮೇಲೆ ಸ್ಪಾರ್ಟಾದ ದೊರೆ ಕ್ಲಿಯೊಂಬ್ರೊಟಸ್‌ನ ಡೇರೆ ಇದೆ. ಪಶ್ಚಿಮಕ್ಕೆ ಹೆಲಿಕಾನ್ ಪರ್ವತ, ದಕ್ಷಿಣಕ್ಕೆ ಕಿಥೈರಾನ್ ಬೆಟ್ಟಸಾಲು. ಸುಗ್ಗಿ ಮುಗಿದು ಹೊಲಗಳಲ್ಲಿ ಕೂಳೆ ಮಾತ್ರ ಉಳಿದಿರುವ ಕಾಲ. ಗ್ರೀಸಿನ ಬೇಸಿಗೆಯಲ್ಲಿ ಮಳೆಯ ಸುಳಿವಿರುವುದಿಲ್ಲ, ಕಾಲಿಟ್ಟಲ್ಲೆಲ್ಲ ಧೂಳು. ಕ್ರಿ.ಪೂ. 371ರ ಜುಲೈ ತಿಂಗಳು. ಬಿಯೋಷಿಯಾ ಸೀಮೆಯ ಈ ಊರಿನ ಹೆಸರು ಲ್ಯೂಕ್ಟ್ರಾ. ಯುದ್ಧದೇವತೆ ಆರೆಸ್ ಕುಣಿಯುವ ಅಂಗಳವೆಂದು ಬಿಯೋಷಿಯಾವನ್ನು ಕರೆದವನು ಥೀಬ್ಸ್‌ನ ಸೇನಾಪತಿ ಎಪಮಿನೊಂಡಾಸ್ ಎಂದು ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆಯುತ್ತಾನೆ. ಸಮತಟ್ಟಾದ ಆ ನೆಲವನ್ನು ನೋಡಿದವರಿಗೆ ಆ ಮಾತಿನ ಅರ್ಥ ತಾನಾಗಿಯೇ ಹೊಳೆಯುತ್ತದೆ. ಇಲ್ಲಿ ಅಡಗಲು ಕಾಡಿಲ್ಲ, ತಡೆಯಲು ಕಣಿವೆಯಿಲ್ಲ. ದೊಡ್ಡ ಸೇನೆಗೆ ತನ್ನ ದೊಡ್ಡತನವನ್ನೆಲ್ಲ ಹರಡಿ ನಿಲ್ಲಿಸಲು ಇದಕ್ಕಿಂತ ಅನುಕೂಲದ ಜಾಗ ಬೇರೆ ಬೇಕಿಲ್ಲ.

ಕ್ಲಿಯೊಂಬ್ರೊಟಸ್‌ನ ಬಳಿ ಇದ್ದದ್ದು 10,000 ಕಾಲಾಳು, 1,000 ಕುದುರೆ ಎಂದು ಪ್ಲುಟಾರ್ಕ್‌ನ ಲೆಕ್ಕ. ಥೀಬ್ಸ್ ಮತ್ತು ಅದರ ಮಿತ್ರ ಊರುಗಳ ಕಾಲಾಳುಗಳು 6,000 ಮೀರಿರಲಿಲ್ಲ ಎಂದು ಇತಿಹಾಸಕಾರ ಡಿಯೊಡೋರಸ್ ಹೇಳುತ್ತಾನೆ. ಅಂಕಿಗಿಂತ ಭಾರವಾದದ್ದು ಹೆಸರು. ಸ್ಪಾರ್ಟಾದವನು ಏಳನೆಯ ವಯಸ್ಸಿಗೆ ತಾಯಿಯ ಮನೆ ಬಿಟ್ಟು ಸಾಮು ಕಲಿಯಲು ಹೋದವನು. ಯುದ್ಧವೊಂದನ್ನು ಬಿಟ್ಟು ಬೇರೆ ಕಸುಬು ಅರಿಯದವನು. ಕೆಂಪು ಅಂಗಿ, ಉದ್ದ ಕೂದಲು, ಕೊಳಲಿನ ತಾಳಕ್ಕೆ ಒಂದೇ ಹೆಜ್ಜೆಯಲ್ಲಿ ಬರುವ ಸಾಲು ಕಂಡರೆ ಸಾಕು, ಎದುರಿನ ಸೈನ್ಯ ಈಟಿ ತಗಲುವ ಮೊದಲೇ ಓಡಿಹೋದ ಉದಾಹರಣೆಗಳಿವೆ. ಬಯಲು ಕಾಳಗದಲ್ಲಿ ಅವರನ್ನು ಎದುರಿಸಿ ಗೆಲ್ಲಬಹುದೆಂಬುದನ್ನು ಗ್ರೀಸಿನಲ್ಲಿ ಆಗ ಹೆಚ್ಚು ಜನ ನಂಬಿರಲಿಲ್ಲ.

ಹನ್ನೊಂದು ಅಕ್ಷೌಹಿಣಿಯನ್ನು ಏಳು ಅಕ್ಷೌಹಿಣಿ ಗೆದ್ದ ಕಥೆ ಕೇಳಿ ಬೆಳೆದ ನಮಗೆ ಸಣ್ಣ ಸೇನೆಯ ಗೆಲುವು ಹೊಸ ಸಂಗತಿಯಲ್ಲ. ಕುರುಕ್ಷೇತ್ರದಲ್ಲಿ ಆ ಗೆಲುವಿಗೆ ಧರ್ಮದ ಆಸರೆಯಿತ್ತು, ಸಾರಥಿಯಾಗಿ ಕೃಷ್ಣನಿದ್ದ. ಲ್ಯೂಕ್ಟ್ರಾದ ಗೆಲುವಿನ ಕಾರಣವನ್ನು ಮಾತ್ರ ನೆಲದ ಮೇಲೆಯೇ ಹುಡುಕಬೇಕು: ಯಾರು ಎಲ್ಲಿ ನಿಂತರು, ಯಾರು ಯಾವಾಗ ಕದಲಿದರು, ಯಾರಿಗೆ ಹೋರಾಡುವ ಮನಸ್ಸಿತ್ತು, ಯಾರಿಗೆ ಇರಲಿಲ್ಲ. ಅದಕ್ಕೇ ಈ ಒಂದು ಮಧ್ಯಾಹ್ನವನ್ನು ಹತ್ತಿರದಿಂದ ನೋಡಬೇಕೆನಿಸುತ್ತದೆ.

ಹಗೆಯ ಬೇರು ಹನ್ನೊಂದು ವರ್ಷ ಹಿಂದಿನದು. ಕ್ರಿ.ಪೂ. 382ರಲ್ಲಿ, ಶಾಂತಿಯ ಕಾಲದಲ್ಲೇ, ಥೀಬ್ಸ್ ದಾರಿಯಾಗಿ ಹೋಗುತ್ತಿದ್ದ ಸ್ಪಾರ್ಟಾದ ದಳವಾಯಿ ಫೀಬಿಡಾಸ್ ಊರೊಳಗಿನ ಕೋಟೆ ಕ್ಯಾಡ್ಮಿಯಾವನ್ನು ಹಿಡಿದು ಕೂತ. ಸ್ಪಾರ್ಟಾ ಅವನಿಗೆ ದಂಡ ವಿಧಿಸಿತು, ಕೋಟೆಯನ್ನು ಮಾತ್ರ ಬಿಡಲಿಲ್ಲ. 379ರ ಚಳಿಗಾಲದ ಒಂದು ರಾತ್ರಿ ಥೀಬ್ಸ್‌ನ ಪೆಲೊಪಿಡಾಸ್ ಮತ್ತು ದೇಶಭ್ರಷ್ಟರಾಗಿದ್ದ ಅವನ ಗೆಳೆಯರು ಬೇಟೆಗಾರರ ವೇಷದಲ್ಲಿ ಊರು ಹೊಕ್ಕರು; ಔತಣದಲ್ಲಿ ಮತ್ತೇರಿದ್ದ ಸ್ಪಾರ್ಟಾ ಪರ ಅಧಿಕಾರಿಗಳನ್ನು ಹೆಂಗಸರ ಉಡುಗೆಯಲ್ಲಿ ಹೋಗಿ ಕೊಂದರು; ಕೋಟೆಯ ಕಾವಲುಪಡೆಯನ್ನು ಹೊರಗಟ್ಟಿದರು. ಅಲ್ಲಿಂದ ಎಂಟು ವರ್ಷ ಎರಡೂ ಕಡೆ ಕಾದಾಟ ನಡೆದೇ ಇತ್ತು. 371ರಲ್ಲಿ ಸ್ಪಾರ್ಟಾದಲ್ಲಿ ಸೇರಿದ ಸಂಧಾನ ಸಭೆಯಲ್ಲಿ ದೊರೆ ಅಜೆಸಿಲೌಸ್, ಬಿಯೋಷಿಯಾದ ಊರುಗಳನ್ನು ಸ್ವತಂತ್ರವಾಗಿ ಬಿಡುತ್ತೀರೋ ಇಲ್ಲವೋ ಎಂದು ಎಪಮಿನೊಂಡಾಸ್‌ನನ್ನು ಕೇಳಿದ. ನಿಮ್ಮ ಲಕೋನಿಯಾ ಸೀಮೆಯ ಊರುಗಳನ್ನು ನೀವು ಬಿಡುತ್ತೀರಾ ಎಂದು ಅವನು ತಿರುಗಿ ಕೇಳಿದ. ಅಜೆಸಿಲೌಸ್ ಸಿಟ್ಟಿನಿಂದ ಒಪ್ಪಂದದ ಪಟ್ಟಿಯಲ್ಲಿ ಥೀಬ್ಸ್‌ನ ಹೆಸರು ಹೊಡೆದುಹಾಕಿದ. ಅಲ್ಲಿಂದ ಇಪ್ಪತ್ತನೆಯ ದಿನಕ್ಕೆ ಲ್ಯೂಕ್ಟ್ರಾ.

ಸ್ಪಾರ್ಟಾಗೆ ಏಕಕಾಲಕ್ಕೆ ಇಬ್ಬರು ದೊರೆಗಳು. ಇನ್ನೊಬ್ಬ ದೊರೆ ಕ್ಲಿಯೊಂಬ್ರೊಟಸ್ ಆಗ ಫೋಕಿಸ್ ಸೀಮೆಯಲ್ಲಿ ಸೇನೆಯೊಂದಿಗಿದ್ದ. ಥೀಬ್ಸ್‌ನವರು ಮುಖ್ಯ ಕಣಿವೆಯನ್ನು ಕಾಯುತ್ತಿದ್ದಾರೆಂದು ತಿಳಿದು, ಬೆಟ್ಟದ ಬೇರೆ ದಾರಿಯಲ್ಲಿ ಇಳಿದು, ಕ್ರೂಸಿಸ್ ಬಂದರನ್ನು ಹಿಡಿದು, ಅಲ್ಲಿದ್ದ ಥೀಬ್ಸ್‌ನ ಹನ್ನೆರಡು ಯುದ್ಧನೌಕೆಗಳನ್ನು ವಶಪಡಿಸಿಕೊಂಡು ಲ್ಯೂಕ್ಟ್ರಾಕ್ಕೆ ಬಂದ. ಚುರುಕಾದ ನಡೆಯೇ ಅದು. ಅವನನ್ನು ದಡ್ಡ ಸೇನಾಪತಿ ಎನ್ನಲಾಗದು. ಅವನ ಕಷ್ಟ ಬೇರೆಯಿತ್ತು. ಹಿಂದಿನ ದಂಡಯಾತ್ರೆಗಳಲ್ಲಿ ಅವನು ಥೀಬ್ಸ್ ಬಗ್ಗೆ ಮೆದುವಾಗಿ ನಡೆದುಕೊಂಡನೆಂಬ ಮಾತು ಸ್ಪಾರ್ಟಾದಲ್ಲಿ ಎದ್ದಿತ್ತು. ಈ ಸಲವೂ ಕಾದಾಡದೆ ಬಿಟ್ಟರೆ ಊರಿನಲ್ಲಿ ನಿನಗೆ ಉಳಿಗಾಲವಿಲ್ಲವೆಂದು ಗೆಳೆಯರೇ ಎಚ್ಚರಿಸಿದರು. ಕಾಯಬಹುದಿತ್ತು, ದಿಬ್ಬ ಬಿಟ್ಟು ಇಳಿಯದೆ ಇರಬಹುದಿತ್ತು. ಬೆನ್ನ ಹಿಂದಿನ ನಾಲಗೆಗಳು ಅವನನ್ನು ಬಯಲಿಗೆ ಇಳಿಸಿದವು.

ಉತ್ತರದ ದಿಬ್ಬದಲ್ಲಿ ಭಯ ಇನ್ನೂ ದಟ್ಟವಾಗಿತ್ತು. ಬಿಯೋಷಿಯಾ ಒಕ್ಕೂಟಕ್ಕೆ ಏಳು ಜನ ಸೇನಾಧಿಪತಿಗಳು. ಕೂಡಲೇ ಕಾದಾಡೋಣ ಎಂದವರು ಎಪಮಿನೊಂಡಾಸ್ ಸೇರಿ ಮೂವರು. ಹೆಂಗಸರು ಮಕ್ಕಳನ್ನು ಅಥೆನ್ಸ್‌ಗೆ ಕಳಿಸಿ ಕೋಟೆಯೊಳಗೆ ಕೂತು ಮುತ್ತಿಗೆಗೆ ಸಿದ್ಧರಾಗೋಣ ಎಂದವರೂ ಮೂವರು. ಏಳನೆಯವನು ಕಿಥೈರಾನ್‌ನ ಕಣಿವೆ ಕಾಯುತ್ತಿದ್ದ. ಅವನು ಬಂದು ಎಪಮಿನೊಂಡಾಸ್‌ನ ಪಕ್ಕಕ್ಕೆ ನಿಂತ ಮೇಲೆ ಯುದ್ಧ ತೀರ್ಮಾನವಾಯಿತು. ಒಂದು ಮತ ಆಚೆ ವಾಲಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸೈನಿಕರು ಶಕುನಗಳನ್ನು ಹುಡುಕುತ್ತಿದ್ದರು. ಆಜ್ಞೆ ಸಾರುವವನ ಈಟಿಗೆ ಕಟ್ಟಿದ್ದ ಪಟ್ಟಿಯೊಂದು ಗಾಳಿಗೆ ಹಾರಿ ಹಳೆಯ ಗೋರಿಯೊಂದಕ್ಕೆ ಸುತ್ತಿಕೊಂಡಿತು. ಸಾಲುಗಳಲ್ಲಿ ಗುಸುಗುಸು ಹಬ್ಬಿತು. ಆ ಗೋರಿಯಲ್ಲಿ ಮಲಗಿದ್ದವರು ಹಿಂದೊಮ್ಮೆ ಅಲ್ಲಿ ಸತ್ತ ಸ್ಪಾರ್ಟಾದವರು. ಗೋರಿಗೆ ಅಲಂಕಾರ ಬಂದಿದೆಯೆಂದರೆ ಸಾವು ಬರುವುದು ಅವರ ಕಡೆಗೇ ಎಂದು ಎಪಮಿನೊಂಡಾಸ್ ಹೇಳಿದನಂತೆ. ಥೀಬ್ಸ್‌ನಲ್ಲಿ ದೇವಾಲಯಗಳ ಬಾಗಿಲು ತಾವಾಗಿಯೇ ತೆರೆದುಕೊಂಡವು, ಹೆರಕ್ಲೀಸ್‌ನ ಗುಡಿಯಲ್ಲಿದ್ದ ಆಯುಧಗಳು ಮಾಯವಾದವು, ಆ ವೀರನೇ ಯುದ್ಧಕ್ಕೆ ಹೊರಟಿದ್ದಾನೆ ಎಂಬ ಸುದ್ದಿಯೂ ಬಂತು. ಇದೆಲ್ಲ ನಾಯಕರೇ ಹೂಡಿದ ಉಪಾಯವೆಂದು ಕೆಲವರು ಹೇಳುತ್ತಾರೆಂದು ಆ ಕಾಲದಲ್ಲೇ ಬದುಕಿದ್ದ ಇತಿಹಾಸಕಾರ ಜೆನೊಫನ್ ಬರೆದಿದ್ದಾನೆ. ಉಪಾಯವೇ ಆಗಿದ್ದರೂ ಅದು ಸಣ್ಣ ಕೆಲಸವಲ್ಲ. ಎಣಿಕೆಯಲ್ಲಿ ಕಡಿಮೆಯಿರುವ ಸೈನ್ಯ ಮೊದಲು ಸೋಲುವುದು ಹಿಂದಿನ ರಾತ್ರಿ, ತನ್ನದೇ ಬಿಡಾರದಲ್ಲಿ.

ಆ ಬಯಲಿನಲ್ಲಿ ಇನ್ನೂ ಒಂದು ಗೋರಿಯಿತ್ತು. ಸ್ಕೆಡಾಸಸ್ ಎಂಬವನ ಹೆಣ್ಣುಮಕ್ಕಳದು. ಅತಿಥಿಗಳಾಗಿ ಬಂದ ಸ್ಪಾರ್ಟಾದವರು ಅವರ ಮೇಲೆ ಅತ್ಯಾಚಾರ ಮಾಡಿದ್ದರು. ಹುಡುಗಿಯರು ಪ್ರಾಣ ಬಿಟ್ಟರು. ತಂದೆ ನ್ಯಾಯ ಕೇಳಲು ಸ್ಪಾರ್ಟಾದವರೆಗೆ ನಡೆದ. ಕಿವಿಗೊಟ್ಟವರಿಲ್ಲ. ಹಿಂದಿರುಗಿ ಮಕ್ಕಳ ಗೋರಿಯ ಮೇಲೆಯೇ ಜೀವ ಕಳೆದುಕೊಂಡ. ಯುದ್ಧಕ್ಕೆ ಮುನ್ನ ಪೆಲೊಪಿಡಾಸ್‌ನ ಕನಸಿನಲ್ಲಿ ಸ್ಕೆಡಾಸಸ್ ಬಂದು, ಕೆಂಚು ಕೂದಲಿನ ಕನ್ಯೆಯೊಬ್ಬಳನ್ನು ಬಲಿ ಕೊಟ್ಟರೆ ಗೆಲ್ಲುವಿರಿ ಎಂದನಂತೆ. ನರಬಲಿ ಕೊಡಬೇಕೇ ಎಂದು ನಾಯಕರು ವಾದಿಸುತ್ತಿರುವಾಗ ಹಿಂಡು ತಪ್ಪಿಸಿಕೊಂಡ ಕೆಂಗಂದು ಬಣ್ಣದ ಹೆಣ್ಣು ಕುದುರೆಮರಿಯೊಂದು ಬೀಡಿನ ನಡುವೆ ಓಡಿಬಂದು ಅವರ ಮುಂದೆ ನಿಂತಿತು. ಇದೇ ಆ ಕನ್ಯೆ ಎಂದ ಕಣಿಗಾರ ಥಿಯೊಕ್ರಿಟಸ್. ಕುದುರೆಮರಿಯನ್ನು ಗೋರಿಯ ಬಳಿ ಬಲಿ ಕೊಟ್ಟರು. ಕನಸಿನ ಮಾತು ಏನೇ ಇರಲಿ, ಥೀಬ್ಸ್‌ನವರು ಕಾಳಗಕ್ಕೆ ಮುಂಚೆ ಆ ಗೋರಿಯನ್ನು ಅಲಂಕರಿಸಿದರೆಂಬುದನ್ನು ಜೆನೊಫನ್ ಕೂಡ ಹೇಳುತ್ತಾನೆ. ಯಾಕಾಗಿ ಕಾದುತ್ತಿದ್ದೇವೆಂದು ತಿಳಿಯಲು ಅಲ್ಲಿನ ಸಾಮಾನ್ಯ ಸೈನಿಕನಿಗೆ ಸಂಧಾನ ಸಭೆಯ ವರದಿ ಬೇಕಿರಲಿಲ್ಲ, ಗೋರಿ ಕಣ್ಣೆದುರಿಗಿತ್ತು.

ಎಪಮಿನೊಂಡಾಸ್ ಬಡವ. ಬಡತನವನ್ನು ಬೇಕೆಂದೇ ಉಳಿಸಿಕೊಂಡವನು. ಇದ್ದದ್ದು ಒಂದೇ ಮೇಲುಹೊದಿಕೆ, ಅದು ಒಗೆಯಲು ಹೋದ ದಿನ ಮನೆಯಿಂದ ಹೊರಬರುತ್ತಿರಲಿಲ್ಲವಂತೆ. ಇಟಲಿಯಿಂದ ಬಂದು ಅವನ ಮನೆಯಲ್ಲೇ ನೆಲೆಸಿದ್ದ ಪೈಥಾಗೊರಸ್ ಪಂಥದ ಲೈಸಿಸ್ ಅವನ ಗುರು. ಕೊಳಲು ಬಲ್ಲ, ಕುಣಿತ ಬಲ್ಲ, ಮಾತು ಕಡಿಮೆ. ಯುದ್ಧಕ್ಕೆ ಮೊದಲು ಅವನು ದೊಡ್ಡ ಹಾವೊಂದನ್ನು ಸೈನಿಕರೆದುರು ಹಿಡಿದು ತಂದು ಅದರ ತಲೆಯನ್ನು ಜಜ್ಜಿ, ತಲೆ ಹೋದ ಮೇಲೆ ಉಳಿದ ಮೈ ಏನೂ ಮಾಡಲಾರದೆಂದು ತೋರಿಸಿದನೆಂದು ನಂತರದ ಕಾಲದ ಪಾಲಿಯೇನಸ್ ಬರೆದಿದ್ದಾನೆ. ತಲೆ ಸ್ಪಾರ್ಟಾದವರು, ಮೈ ಅವರ ಮಿತ್ರಪಡೆಗಳು. ಮರುದಿನದ ವ್ಯೂಹ ಅಷ್ಟರಲ್ಲೇ ಇತ್ತು.

ಆ ವ್ಯೂಹ ಎಷ್ಟು ದಿಟ್ಟತನದ್ದೆಂದು ತಿಳಿಯಲು ಗ್ರೀಕ್ ಕಾಲಾಳಿನ ಪಕ್ಕದಲ್ಲಿ ಒಂದು ಗಳಿಗೆ ನಿಲ್ಲಬೇಕು. ಅವನ ಎಡಗೈಯಲ್ಲಿ ಸುಮಾರು ಮೂರಡಿ ಅಗಲದ ದುಂಡು ಗುರಾಣಿ. ಮರದ್ದು, ಮೇಲೆ ಕಂಚಿನ ಹೊದಿಕೆ. ಆರೇಳು ಕಿಲೋ ತೂಕ. ಬಲಗೈಯಲ್ಲಿ ಎಂಟಡಿಯ ಆಸುಪಾಸಿನ ಈಟಿ. ಗುರಾಣಿಯ ಅರ್ಧ ಅವನ ಎಡಮೈಯನ್ನು ಕಾಯುತ್ತದೆ. ಉಳಿದರ್ಧ ಎಡಕ್ಕೆ ಚಾಚಿ ಪಕ್ಕದವನ ಬಲಮೈಯನ್ನು ಕಾಯುತ್ತದೆ. ಅವನ ಬಲಮೈ ಬಲಪಕ್ಕದವನ ಗುರಾಣಿಯ ಆಶ್ರಯದಲ್ಲಿದೆ. ಹೀಗೆ ಸಾವಿರಾರು ಜನ ಒಬ್ಬರಿಗೊಬ್ಬರು ಅಂಟಿ ನಿಂತು, ಹಿಂದೆ ಎಂಟೋ ಹನ್ನೆರಡೋ ಸಾಲುಗಳನ್ನು ಇಟ್ಟುಕೊಂಡು ನಡೆಯುವುದೇ ಫ್ಯಾಲಾಂಕ್ಸ್. ನಡೆಯುವಾಗ ಪ್ರತಿಯೊಬ್ಬನೂ ಬರಿದಾದ ತನ್ನ ಬಲಮೈಯನ್ನು ಪಕ್ಕದವನ ಗುರಾಣಿಗೆ ಇನ್ನಷ್ಟು ಒತ್ತಿಕೊಳ್ಳುತ್ತಾನೆ. ಸಾಲಿನ ಬಲತುದಿಯವನಿಗೆ ಆ ಆಸರೆಯೂ ಇಲ್ಲ. ಅವನು ತನ್ನನ್ನು ತಪ್ಪಿಸಿಕೊಳ್ಳಲು ಬಲಕ್ಕೇ ಸರಿಯುತ್ತಾನೆ. ಪರಿಣಾಮವಾಗಿ ಇಡೀ ಸೈನ್ಯ ತನಗರಿವಿಲ್ಲದೆ ಬಲಕ್ಕೆ ಜರುಗುತ್ತದೆ. ಇದನ್ನು ಗಮನಿಸಿ ಬರೆದವನು ಇತಿಹಾಸಕಾರ ಥ್ಯುಸಿಡೈಡಿಸ್.

ಆದ್ದರಿಂದ ಬಲತುದಿ ಅಪಾಯದ ಜಾಗ, ಅಪಾಯದ್ದಾದ್ದರಿಂದ ಗೌರವದ ಜಾಗ. ದೊರೆ ನಿಲ್ಲುವುದು ಅಲ್ಲಿ. ಉತ್ತಮ ಯೋಧರು ಅಲ್ಲಿ. ಎರಡೂ ಸೈನ್ಯಗಳು ಹಾಗೇ ನಿಲ್ಲುತ್ತಿದ್ದುದರಿಂದ ಇವರ ಬಲಿಷ್ಠ ಬಲಗಡೆ ಅವರ ದುರ್ಬಲ ಎಡಗಡೆಯನ್ನು ಸೋಲಿಸುವುದು, ಅವರ ಬಲಗಡೆ ಇವರ ಎಡಗಡೆಯನ್ನು ಸೋಲಿಸುವುದು, ಆಮೇಲೆ ಗೆದ್ದ ಎರಡು ತುದಿಗಳು ಮುಖಾಮುಖಿಯಾಗುವುದು ವಾಡಿಕೆಯಾಗಿತ್ತು. ಆ ಎರಡನೆಯ ಸುತ್ತಿನಲ್ಲಿ ಸ್ಪಾರ್ಟಾದವರನ್ನು ಮೀರಿಸಿದವರಿರಲಿಲ್ಲ. ಸಾಲು ಕೆಡದಂತೆ ತಿರುಗಿ ನಿಲ್ಲುವ ಕಸರತ್ತು ಅವರೊಬ್ಬರಿಗೇ ಕರಗತವಾಗಿತ್ತು.

ಎಪಮಿನೊಂಡಾಸ್ ಎರಡನೆಯ ಸುತ್ತೇ ಬೇಡವೆಂದ. ತನ್ನ ಅತ್ಯುತ್ತಮ ಪಡೆಯನ್ನು, ಥೀಬ್ಸ್‌ನ ಸ್ವಂತ ಮಕ್ಕಳನ್ನು, ಎಡಗಡೆಗೆ ತಂದು ಕ್ಲಿಯೊಂಬ್ರೊಟಸ್‌ನ ನೇರ ಎದುರಿಗೆ ನಿಲ್ಲಿಸಿದ. ಸ್ಪಾರ್ಟಾದವರ ಆಳ ಹನ್ನೆರಡು ಸಾಲು. ಥೀಬ್ಸ್‌ನವರ ಆಳ ಐವತ್ತು. ದಟ್ಟವಾಗಿ ನಿಲ್ಲುವುದು ಥೀಬ್ಸ್‌ಗೆ ಹೊಸತಲ್ಲ, ಕ್ರಿ.ಪೂ. 424ರ ಡೀಲಿಯಮ್ ಕಾಳಗದಲ್ಲಿ ಅವರು ಇಪ್ಪತ್ತೈದು ಸಾಲು ನಿಂತಿದ್ದರು. ಆದರೆ ಅದು ಬಲಗಡೆಯಲ್ಲಿ. ಈಗ ಅದರ ಇಮ್ಮಡಿ ಆಳ, ಅದೂ ಎಡಗಡೆಯಲ್ಲಿ, ಶತ್ರುವಿನ ತಲೆಯ ಎದುರಿಗೇ.

ಇದಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು. 4,000 ಜನರನ್ನು ಐವತ್ತರ ಆಳಕ್ಕೆ ನಿಲ್ಲಿಸಿದರೆ ಮುಂದಿನ ಸಾಲಿಗೆ ದಕ್ಕುವುದು ಎಂಬತ್ತೇ ಜನ. ಮೊದಲೇ ಸಣ್ಣದಾದ ಸೈನ್ಯ ಇನ್ನಷ್ಟು ಕಿರಿದಾಗಿ ಕಾಣುತ್ತದೆ. ಉಳಿದ ಬಯಲನ್ನೆಲ್ಲ ತೆಳುವಾದ ಸಾಲು ತುಂಬಬೇಕು. ಆ ತೆಳು ಸಾಲಿನ ಮೇಲೆ ಎದುರಿನ ಪಡೆ ಬಿದ್ದರೆ ಎಲ್ಲವೂ ಮುಗಿಯಿತು. ಅದಕ್ಕೆ ಅವನು ಹೇಳಿದ ಮದ್ದು ಸರಳವಾದದ್ದು. ಬಲಗಡೆಯವರು ಮುಂದೆ ಹೋಗಕೂಡದು. ಶತ್ರು ಒತ್ತಿದರೆ ನಿಧಾನವಾಗಿ ಹಿಂದೆ ಸರಿಯಬೇಕು. ಹೀಗೆ ಥೀಬ್ಸ್‌ನ ಸೈನ್ಯ ಬಯಲಿನಲ್ಲಿ ಓರೆಯಾಗಿ ನಿಂತಿತು. ಎಡತುದಿ ಶತ್ರುವಿಗೆ ಹತ್ತಿರ, ಬಲತುದಿ ದೂರ. ಮರ ಸೀಳುವವನು ಬೆಣೆಯ ಚೂಪಿಗೆ ಏಟಿನ ಭಾರವನ್ನೆಲ್ಲ ಕೊಡುವ ಹಾಗೆ, ಅವನು ಇದ್ದುದನ್ನೆಲ್ಲ ಒಂದೇ ಕಡೆಗೆ ಕೊಟ್ಟ. ಇಡೀ ಬಯಲಿನಲ್ಲಿ ಸ್ಪಾರ್ಟಾದ ಪಡೆ ಹೆಚ್ಚಾಗಿತ್ತು. ದೊರೆ ನಿಂತಿದ್ದ ಕಿರಿದಾದ ಜಾಗದಲ್ಲಿ ಮಾತ್ರ ಥೀಬ್ಸ್‌ನವರು ನಾಲ್ಕು ಪಟ್ಟು ಆಳವಾಗಿದ್ದರು. ಸಣ್ಣ ಸೇನೆ ಗೆಲ್ಲುವ ಗುಟ್ಟೆಂದು ಏನಾದರೂ ಇದ್ದರೆ ನನ್ನ ಪಾಲಿಗೆ ಅದು ಇಷ್ಟೇ: ಎಲ್ಲೆಡೆ ದೊಡ್ಡವನಾಗುವ ಆಸೆ ಬಿಟ್ಟು, ನಿರ್ಣಯವಾಗುವ ಒಂದು ಜಾಗದಲ್ಲಿ ದೊಡ್ಡವನಾಗುವುದು. ಹೇಳಲು ಸುಲಭ. ಉಳಿದ ಕಡೆ ತೆಳುವಾಗಿ ನಿಲ್ಲಲು ಒಪ್ಪುವ ಎದೆ ಎಷ್ಟು ಸೇನಾಪತಿಗಳಿಗೆ ಇದ್ದೀತು?

ಹೊರಡುವ ಮುನ್ನ ಎಪಮಿನೊಂಡಾಸ್ ತನ್ನ ಸಣ್ಣ ಸೇನೆಯನ್ನು ಇನ್ನೂ ಸಣ್ಣದು ಮಾಡಿಕೊಂಡ. ಬಿಯೋಷಿಯಾದ ಥೆಸ್ಪಿಯೆ ಊರಿನ ಜನ ಮನಸ್ಸಿಲ್ಲದೆ ಬಂದಿದ್ದರು. ಬೇಡವಾದವರು ಹೋಗಬಹುದೆಂದು ಸಾರಿಸಿದ, ಅವರು ಹೋದರು. ಇದೇ ಹೊತ್ತಿಗೆ ಬೀಡಿನಲ್ಲಿದ್ದ ವ್ಯಾಪಾರಿಗಳು, ಮೂಟೆ ಹೊರುವವರು, ಯುದ್ಧ ಒಲ್ಲದವರು ಜಾಗ ಖಾಲಿ ಮಾಡುತ್ತಿದ್ದಾಗ ಸ್ಪಾರ್ಟಾ ಕಡೆಯ ಕೂಲಿಪಡೆ ಮತ್ತು ಕುದುರೆ ಸವಾರರು ಅವರನ್ನು ಸುತ್ತುವರಿದು ಬಡಿದು ಮತ್ತೆ ಥೀಬ್ಸ್‌ನ ಬೀಡಿಗೇ ಅಟ್ಟಿದರು. ಹೋಗುವವರನ್ನು ಅವನು ಬಿಟ್ಟ. ಹೋಗುತ್ತಿದ್ದವರನ್ನು ಸ್ಪಾರ್ಟಾದ ಕಡೆಯವರು ತಿರುಗಿ ಕಳಿಸಿ ಅವನ ಸೈನ್ಯವನ್ನು ಇನ್ನಷ್ಟು ದಟ್ಟವಾಗಿಸಿದರು.

ಮಧ್ಯಾಹ್ನ. ದಕ್ಷಿಣದ ದಿಬ್ಬದಲ್ಲಿ ಊಟ ಮುಗಿಸಿ ಕೊನೆಯ ಸಮಾಲೋಚನೆ ನಡೆದಿದೆ. ದ್ರಾಕ್ಷಾರಸ ಸ್ವಲ್ಪ ಹೆಚ್ಚೇ ಒಳಗಿಳಿದು ಅವರನ್ನು ಉಬ್ಬಿಸಿತೆಂದು ಜೆನೊಫನ್ ಕೇಳಿಬಲ್ಲ. ಸ್ಪಾರ್ಟಾದ ಮೇಲೆ ಅಭಿಮಾನವಿದ್ದವನು ಅವನು; ಅವನೇ ಹೀಗೆ ಬರೆಯುವಾಗ ನಂಬಬೇಕಾಗುತ್ತದೆ. ಪಡೆಗಳು ಇಳಿಯುತ್ತವೆ. ನಡುವೆ ಬಯಲಿದ್ದುದರಿಂದ ಸ್ಪಾರ್ಟಾ ತನ್ನ ಕುದುರೆಗಳನ್ನು ಕಾಲಾಳಿನ ಮುಂದೆ ತಂದು ನಿಲ್ಲಿಸಿತು. ಥೀಬ್ಸ್‌ನವರೂ ಹಾಗೆಯೇ ಮಾಡಿದರು.

ಸ್ಪಾರ್ಟಾದಲ್ಲಿ ಕುದುರೆ ಸಾಕುವವರು ಸಿರಿವಂತರು, ಏರಿ ಯುದ್ಧಕ್ಕೆ ಹೋಗುವವರು ಬೇರೆ. ದಂಡಯಾತ್ರೆಯ ಕರೆ ಬಂದ ದಿನ ನೇಮಕವಾದವನು ಹೋಗಿ, ಕೊಟ್ಟ ಕುದುರೆ, ಕೊಟ್ಟ ಆಯುಧ ತೆಗೆದುಕೊಂಡು ಹೊರಟುಬಿಡುತ್ತಿದ್ದ. ಮೈಯಲ್ಲಿ ಕಸುವಿಲ್ಲದವರೂ ಕೀರ್ತಿಯ ಹಂಬಲವಿಲ್ಲದವರೂ ಸವಾರರಾಗುತ್ತಿದ್ದರು. ಥೀಬ್ಸ್‌ನ ಸವಾರರು ವರ್ಷಗಟ್ಟಲೆ ನೆರೆಯೂರುಗಳ ಮೇಲಿನ ಕಾದಾಟದಲ್ಲಿ ಪಳಗಿದವರು. ಡಿಕ್ಕಿ ಆಯಿತು, ಮುಗಿಯಿತು. ಸೋತ ಸ್ಪಾರ್ಟಾದ ಕುದುರೆಗಳು ತಿರುಗಿ ನುಗ್ಗಿದ್ದು ತಮ್ಮದೇ ಕಾಲಾಳಿನ ಸಾಲಿನೊಳಕ್ಕೆ. ಕೂಳೆ ಹೊಲದ ಧೂಳು ಎದ್ದಿತು. ಗುರಾಣಿಗೆ ಗುರಾಣಿ ಅಂಟಿಸಿ ನಿಂತಿದ್ದವರ ನಡುವೆ ಬೆದರಿದ ಪ್ರಾಣಿಗಳು ತೂರಿಕೊಂಡು ಸಾಲು ಅಲ್ಲಲ್ಲಿ ಹರಿಯಿತು. ಅದು ಮತ್ತೆ ಕೂಡಿಕೊಳ್ಳುವ ಮೊದಲೇ ಧೂಳಿನಾಚೆಯಿಂದ ಐವತ್ತು ಸಾಲು ಬರುತ್ತಿದ್ದುದು ಕಂಡಿತು.

ಕ್ಲಿಯೊಂಬ್ರೊಟಸ್‌ನ ಕಡೆಯವರಿಗೆ ಆಗ ಅಪಾಯ ಹೊಳೆಯಿತು. ಬಲಗಡೆಯನ್ನು ಇನ್ನೂ ಬಲಕ್ಕೆ ಹಿಗ್ಗಿಸಿ, ಬಾಗಿಸಿ, ಆ ದಟ್ಟ ಗುಂಪಿನ ಪಕ್ಕೆಗೆ ಸುತ್ತಿಬರಲು ಹೊರಟರು. ಅದು ಸರಿಯಾದ ಉತ್ತರವೇ. ಐವತ್ತರ ಆಳದ ಪಡೆಗೆ ಪಕ್ಕೆ ದುರ್ಬಲ. ಆದರೆ ನಡೆಯ ನಡುವಿನಲ್ಲಿರುವ ಸೈನ್ಯ, ಅದು ಸ್ಪಾರ್ಟಾದ್ದೇ ಆಗಲಿ, ಕ್ಷಣಕಾಲ ಸೈನ್ಯವಾಗಿರುವುದಿಲ್ಲ. ಆ ಕ್ಷಣಕ್ಕೆ ಸರಿಯಾಗಿ ಪೆಲೊಪಿಡಾಸ್ ತನ್ನ ಮುನ್ನೂರು ಜನರೊಂದಿಗೆ ಓಡುತ್ತ ಬಂದು ಮೇಲೆ ಬಿದ್ದ.

ಈ ಮುನ್ನೂರು ಜನ ಥೀಬ್ಸ್‌ನ ಪವಿತ್ರ ದಳ. ಊರಿನ ಖರ್ಚಿನಲ್ಲಿ ಕೋಟೆಯಲ್ಲೇ ಇದ್ದು ಅಭ್ಯಾಸ ಮಾಡುತ್ತಿದ್ದವರು. ಪರಸ್ಪರ ಪ್ರೀತಿಸುವ ಜೋಡಿಗಳಿಂದ ಕಟ್ಟಿದ ದಳವೆಂದು ಪ್ಲುಟಾರ್ಕ್ ಕೇಳಿದ್ದ. ಪ್ರಿಯನ ಕಣ್ಣೆದುರು ಹೇಡಿಯಾಗಲು ಯಾರೂ ಒಪ್ಪರೆಂಬುದು ಅದರ ಹಿಂದಿನ ನಂಬಿಕೆ. ಥೀಬ್ಸ್‌ನ ನಾಯಕ ಗೋರ್ಗಿಡಾಸ್ ಈ ದಳವನ್ನು ಕಟ್ಟಿದಾಗ ಅವರನ್ನು ಸೇನೆಯ ಮುಂದಿನ ಸಾಲುಗಳಲ್ಲಿ ಹರಡಿದ್ದ. ಪೆಲೊಪಿಡಾಸ್ ಒಟ್ಟಿಗೆ ಇಟ್ಟ. ಕ್ರಿ.ಪೂ. 375ರಲ್ಲಿ ಟೆಗೈರಾದಲ್ಲಿ ಈ ದಳ ತನಗಿಂತ ದೊಡ್ಡದಾದ ಸ್ಪಾರ್ಟಾ ಪಡೆಯನ್ನು ಸೀಳಿಕೊಂಡು ಹೊರಬಂದಿತ್ತು. ಸ್ಪಾರ್ಟಾದವರೂ ಉಳಿದವರ ಹಾಗೆ ಮನುಷ್ಯರೇ ಎಂಬುದು ಲ್ಯೂಕ್ಟ್ರಾದ ಬಯಲಿನಲ್ಲಿ ಈ ಮುನ್ನೂರು ಜನರಿಗೆ ಸ್ವಂತ ಅನುಭವದಿಂದ ಗೊತ್ತಿತ್ತು.

ಮೊದಮೊದಲು ಸ್ಪಾರ್ಟಾದವರೇ ಮೇಲಾಗಿದ್ದರು. ದೊರೆ ಬಿದ್ದಾಗ ಅವನನ್ನು ಜೀವಸಹಿತ ಎತ್ತಿ ಹಿಂದಕ್ಕೆ ಒಯ್ಯಲು ಅವರಿಗೆ ಸಾಧ್ಯವಾದದ್ದೇ ಅದಕ್ಕೆ ಸಾಕ್ಷಿ. ಈಟಿಗಳು ಮುರಿದು ಕತ್ತಿಗಳು ಹೊರಬಂದವು. ದಳಪತಿ ಡೈನಾನ್ ಬಿದ್ದ. ದೊರೆಯ ಡೇರೆಯ ಜೊತೆಗಾರ ಸ್ಫೋಡ್ರಿಯಾಸ್ ಬಿದ್ದ. ಅವನ ಮಗ ಕ್ಲಿಯೊನಿಮಸ್ ದೊರೆಯ ಮುಂದೆ ನಿಂತು ಮೂರು ಸಲ ಬಿದ್ದು ಮೂರು ಸಲ ಎದ್ದು ಕೊನೆಗೆ ಸತ್ತ. ವೈರಿಗಳೆಂದು ಅವರ ಧೈರ್ಯಕ್ಕೆ ಕಣ್ಣು ಮುಚ್ಚಬಾರದು. ಹನ್ನೆರಡು ಸಾಲು ಐವತ್ತನ್ನು ಅಷ್ಟು ಹೊತ್ತು ತಡೆದದ್ದು ಸುಮ್ಮನೆ ಆಗುವ ಮಾತಲ್ಲ. ಆದರೆ ಅವರ ಹಿಂದೆ ಬದಲಿಗೆ ಬರುವವರಿರಲಿಲ್ಲ. ಥೀಬ್ಸ್‌ನ ಕಡೆ ಮುಂದಿನವನು ಬಿದ್ದರೆ ಹಿಂದಿನವನು, ಅವನು ಬಿದ್ದರೆ ಅವನ ಹಿಂದಿನವನು. ಹಿಂದೆ ಸರಿಯಬೇಕೆಂದರೂ ಬೆನ್ನಿಗೆ ನಲವತ್ತು ಗುರಾಣಿಗಳ ಒತ್ತು. ಇನ್ನೊಂದೇ ಒಂದು ಹೆಜ್ಜೆ ನನಗೆ ಕೊಡಿ ಎಂದು ಎಪಮಿನೊಂಡಾಸ್ ಕೂಗಿದನೆಂಬ ಕಥೆ ಉಳಿದಿದೆ. ಕೊಟ್ಟರು. ಸ್ಪಾರ್ಟಾದ ಬಲಗಡೆ ಕದಲಿತು, ಬಾಗಿತು, ಒಡೆಯಿತು.

ಉಳಿದ ಬಯಲಿನಲ್ಲಿ ಆ ಹೊತ್ತಿಗೆ ಏನು ನಡೆಯುತ್ತಿತ್ತು? ಹೆಚ್ಚೇನೂ ಇಲ್ಲ. ಸಾವಿರಾರು ಮಿತ್ರಸೈನಿಕರು ಎದುರಿನ ಸಾಲು ಹಿಂದೆ ಹಿಂದೆ ಸರಿಯುವುದನ್ನು ನೋಡುತ್ತ ನಿಂತಿದ್ದರು. ತಮ್ಮ ಬಲಗಡೆ ಕುಸಿದದ್ದು ಕಂಡ ಕೂಡಲೇ ತಾವೂ ತಿರುಗಿದರು. ಹಾವಿನ ಪಾಠ ಅಕ್ಷರಶಃ ನಿಜವಾಯಿತು.

ಬೀಡಿನ ಮುಂದಿದ್ದ ಕಂದಕ ದಾಟಿ ಸ್ಪಾರ್ಟಾದವರು ಮತ್ತೆ ನಿಂತರು. ಸತ್ತವರ ದೇಹಗಳನ್ನು ಕಾದಾಡಿಯೇ ತರೋಣ ಎಂದು ಕೆಲವರು ಹಟ ಹಿಡಿದರು. ಉಳಿದ ದಳಪತಿಗಳು ಸುತ್ತ ನೋಡಿದರು. ಮಿತ್ರರಿಗೆ ಮತ್ತೆ ಕಾದುವ ಮನಸ್ಸಿಲ್ಲ. ಅವರಲ್ಲಿ ಕೆಲವರಿಗೆ ಈ ಸೋಲಿನಿಂದ ಬೇಸರವೂ ಆಗಿಲ್ಲ. ಶವಗಳನ್ನು ಕೇಳಲು ದೂತನನ್ನು ಕಳಿಸಿದರು. ಗ್ರೀಕರಲ್ಲಿ ಅದು ಸೋಲನ್ನು ಒಪ್ಪಿದ ಗುರುತು. ಸ್ಪಾರ್ಟಾದವರು ತಮ್ಮ ನಷ್ಟವನ್ನು ಮಿತ್ರರ ಶವಗಳ ನಡುವೆ ಮುಚ್ಚಿಡಬಹುದೆಂದು ಎಪಮಿನೊಂಡಾಸ್‌ಗೆ ಗೊತ್ತಿತ್ತು. ಮೊದಲು ಮಿತ್ರರು ತಮ್ಮವರನ್ನು ಒಯ್ಯಲಿ ಎಂದ. ಒಯ್ಯಲು ಅವರಿಗೆ ಹೆಚ್ಚುಕಡಿಮೆ ಯಾರೂ ಇರಲಿಲ್ಲ. ಬಯಲಿನಲ್ಲಿ ಉಳಿದವರೆಲ್ಲ ಸ್ಪಾರ್ಟಾ ಸೀಮೆಯವರು, ಸುಮಾರು ಸಾವಿರ ಜನ. ದೊರೆಯ ಜೊತೆಗಿದ್ದ ಪೂರ್ಣ ಪೌರತ್ವದ ಸ್ಪಾರ್ಟಾದವರು 700. ಅವರಲ್ಲಿ 400 ಜನ ಸತ್ತಿದ್ದರು. ಥೀಬ್ಸ್ ಕಡೆ ಸತ್ತವರು 47 ಎಂದು ಪೌಸೇನಿಯಸ್, 300 ಎಂದು ಡಿಯೊಡೋರಸ್.

ಆ 700 ಎಂಬ ಅಂಕಿಯ ಬಳಿ ನಿಲ್ಲದೆ ಮುಂದೆ ಹೋಗಲಾಗದು. ಹಿಂದಿನ ಶತಮಾನದಲ್ಲಿ ಪರ್ಷಿಯಾದ ದಾಳಿಯ ಕಾಲಕ್ಕೆ ಸ್ಪಾರ್ಟಾದಲ್ಲಿ 8,000 ಪೌರಯೋಧರಿದ್ದರೆಂದು ಹೆರೊಡೋಟಸ್ ಬರೆಯುತ್ತಾನೆ. ಆಸ್ತಿ ಕೆಲವರ ಕೈಗೆ ಸೇರುತ್ತ ಹೋಯಿತು. ಸಾಮೂಹಿಕ ಊಟದ ಪಾಲು ಕಟ್ಟಲಾಗದವನು ಪೌರತ್ವ ಕಳೆದುಕೊಳ್ಳುತ್ತ ಹೋದ. ಲ್ಯೂಕ್ಟ್ರಾದ ಹೊತ್ತಿಗೆ ಆ ಹೆಸರುವಾಸಿ ಸೇನೆಯ ಒಳಗಿನ ತಿರುಳು ಇಷ್ಟಕ್ಕೆ ಇಳಿದಿತ್ತು. ಒಂದೇ ಏಟನ್ನೂ ತಾಳಲಾರದೆ ಜನರ ಕೊರತೆಯಿಂದ ಸ್ಪಾರ್ಟಾ ನಾಶವಾಯಿತೆಂದು ಮುಂದೆ ಅರಿಸ್ಟಾಟಲ್ ತೀರ್ಪು ಕೊಟ್ಟ. ಹತ್ತು ಸಾವಿರದ ದೊಡ್ಡ ಸೇನೆ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದರಲ್ಲಿ ಸಾಯಲು ಸಿದ್ಧರಾಗಿದ್ದವರು ಒಂದು ತುದಿಯ ಕೆಲವೇ ನೂರು ಜನ. ಉಳಿದವರು ಹೆದರಿಕೆಯಿಂದ ಜೊತೆಗೆ ಬಂದವರು. ಎಪಮಿನೊಂಡಾಸ್ ಶತ್ರುವಿನ ತಲೆಗಳನ್ನು ಎಣಿಸಲಿಲ್ಲ, ಮನಸ್ಸುಗಳನ್ನು ಎಣಿಸಿದ.

ಸುದ್ದಿ ಸ್ಪಾರ್ಟಾ ತಲುಪಿದಾಗ ಅಲ್ಲಿ ಹಬ್ಬದ ಕೊನೆಯ ದಿನ. ರಂಗದಲ್ಲಿ ಗಂಡಸರ ಮೇಳ ಹಾಡುತ್ತಿತ್ತು. ಅಧಿಕಾರಿಗಳು ಮೇಳ ನಿಲ್ಲಿಸಲಿಲ್ಲ. ಸತ್ತವರ ಹೆಸರುಗಳನ್ನು ಮನೆಮನೆಗೆ ತಿಳಿಸಿ, ಹೆಂಗಸರು ಗೋಳಾಡಕೂಡದೆಂದು ಕಟ್ಟಪ್ಪಣೆ ಮಾಡಿದರು. ಮರುದಿನ ಸತ್ತವರ ಬಂಧುಗಳು ಅರಳಿದ ಮುಖದಲ್ಲಿ ಬೀದಿಯಲ್ಲಿ ಓಡಾಡಿದರು. ಬದುಕಿ ಉಳಿದವರ ಮನೆಯವರು ತಲೆ ತಗ್ಗಿಸಿ ಒಳಗೇ ಉಳಿದರು. ಓಡಿಬಂದವರ ಪೌರತ್ವ ಕಿತ್ತುಕೊಳ್ಳುವುದು ಅಲ್ಲಿನ ಕಾನೂನು. ಹಾಗೆ ಮಾಡಿದರೆ ಊರು ಕಾಯಲು ಜನರೇ ಉಳಿಯುತ್ತಿರಲಿಲ್ಲ. ಈ ಒಂದು ದಿನ ಕಾನೂನು ಮಲಗಿರಲಿ ಎಂದು ಅಜೆಸಿಲೌಸ್ ದಾರಿ ಹುಡುಕಿದ. ಪಟ್ಟಿಯಿಂದ ಥೀಬ್ಸ್‌ನ ಹೆಸರು ಹೊಡೆದುಹಾಕಿದವನೂ ಅವನೇ.

ಜೆನೊಫನ್ ಈ ಕಾಳಗವನ್ನು ವಿವರವಾಗಿ ಬರೆದ. ಕುದುರೆಗಳ ದುರವಸ್ಥೆ, ಮಧ್ಯಾಹ್ನದ ಮದ್ಯ, ಹನ್ನೆರಡು ಮತ್ತು ಐವತ್ತರ ಲೆಕ್ಕ ನಮಗೆ ಸಿಕ್ಕಿದ್ದು ಅವನಿಂದಲೇ. ಆದರೆ ಆ ಇಡೀ ವರ್ಣನೆಯಲ್ಲಿ ಎಪಮಿನೊಂಡಾಸ್‌ನ ಹೆಸರು ಒಮ್ಮೆಯೂ ಬರುವುದಿಲ್ಲ. ಸ್ಪಾರ್ಟಾ ಕೊಟ್ಟ ಭೂಮಿಯಲ್ಲಿ ನೆಮ್ಮದಿಯಾಗಿ ಬದುಕಿದ್ದ ಆ ಬರಹಗಾರನಿಗೆ ಅದನ್ನು ಬರೆಯಲು ಕೈ ಬರಲಿಲ್ಲವೆಂದು ತೋರುತ್ತದೆ. ಥೀಬ್ಸ್‌ನವರು ಬಯಲಿನಲ್ಲಿ ನಿಲ್ಲಿಸಿದ ಜಯಸ್ತಂಭದ ದುಂಡು ಕಲ್ಲುಪೀಠ, ಮೇಲೆ ಕೆತ್ತಿದ ಗುರಾಣಿಗಳ ಸಮೇತ, ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಜೋಡಣೆಗೊಂಡು ಇಂದಿಗೂ ಅಲ್ಲಿದೆ. ಮುಂದೆ ಥೀಬ್ಸ್‌ನಲ್ಲಿ ಒತ್ತೆಯಾಳಾಗಿ ಕೆಲವು ವರ್ಷ ಕಳೆದ ಮ್ಯಾಸಿಡೋನಿಯಾದ ಹುಡುಗ ಫಿಲಿಪ್ ಇಲ್ಲಿನ ಯುದ್ಧವಿದ್ಯೆಯನ್ನು ನೋಡಿ ಕಲಿತ. ಅವನ ಮಗ ಅಲೆಗ್ಸಾಂಡರ್. ಎಪಮಿನೊಂಡಾಸ್ ಕ್ರಿ.ಪೂ. 362ರಲ್ಲಿ ಮ್ಯಾಂಟಿನಿಯಾದಲ್ಲಿ ಗೆಲ್ಲುತ್ತಲೇ ಈಟಿಯ ಗಾಯದಿಂದ ಸತ್ತ.

ಅವನ ದೊಡ್ಡ ಕೆಲಸ ಲ್ಯೂಕ್ಟ್ರಾ ಮತ್ತು ಮ್ಯಾಂಟಿನಿಯಾಗಳ ನಡುವೆ ಆಗಿತ್ತು. ಲ್ಯೂಕ್ಟ್ರಾದ ಮರುವರ್ಷದ ಚಳಿಗಾಲದಲ್ಲಿ ಅವನು ಸೇನೆ ಕಟ್ಟಿಕೊಂಡು ನೇರ ಸ್ಪಾರ್ಟಾದ ಸೀಮೆಗೇ ನುಗ್ಗಿದ. ಶತ್ರುವಿನ ಬೆಂಕಿಯ ಹೊಗೆಯನ್ನು ಎಂದೂ ಕಾಣದ ಅಲ್ಲಿನ ಹೆಂಗಸರು ಅಂದು ಕಂಡರು. ಅಲ್ಲಿಂದ ಪಶ್ಚಿಮಕ್ಕೆ ಹೋಗಿ, ತಲೆತಲಾಂತರದಿಂದ ಸ್ಪಾರ್ಟಾದ ಜೀತದಾಳುಗಳಾಗಿದ್ದ ಮೆಸ್ಸೀನಿಯಾದ ಜನರನ್ನು ಬಿಡಿಸಿದ, ಕ್ರಿ.ಪೂ. 369ರಲ್ಲಿ ಅವರಿಗಾಗಿ ಮೆಸ್ಸೀನ್ ನಗರವನ್ನು ಕಟ್ಟಿಸಿದ. ಆ ಜೀತದಾಳುಗಳ ದುಡಿಮೆಯ ಮೇಲೆಯೇ ಸ್ಪಾರ್ಟಾದ ಯೋಧರು ಬೇರೆ ಕಸುಬಿಲ್ಲದೆ ಬದುಕಿದ್ದರು. ಮೆಸ್ಸೀನಿಯಾ ಮತ್ತೆ ಸ್ಪಾರ್ಟಾದ ಕೈಗೆ ಬರಲೇ ಇಲ್ಲ.